ಹಾಲಕ್ಕಿ ನುಡಿ: ನಸುಕಿನ ಶಕುನದ ಚರಿತ್ರೆ

ಹಾಲಕ್ಕಿ ನುಡಿ ಎಂದರೆ ಕರ್ನಾಟಕದ ಹಳ್ಳಿಗಳಲ್ಲಿ ಕೋಳಿ ಕೂಗುವ ಮುಂಚೆಯೇ ಮನೆಬಾಗಿಲಿಗೆ ಬರುತ್ತಿದ್ದ ಶಕುನದ ಮಾತು. ಬುಡುಬುಡಿಕೆಯವನು ಕತ್ತಲಲ್ಲೇ ಬೀದಿಗೆ ಇಳಿದು, ಕೈಯಲ್ಲಿನ ಪುಟ್ಟ ವಾದ್ಯವನ್ನು ಅಲ್ಲಾಡಿಸುತ್ತ, ಹಾಲಕ್ಕಿ ಹೀಗೆ ನುಡಿದಿದೆ ಎಂದು ಒಂದೊಂದು ಮನೆಯ ಮುಂದೆಯೂ ನಾಲ್ಕು ಮಾತು ಹೇಳಿ ಮುಂದಕ್ಕೆ ಹೋಗುತ್ತಿದ್ದ. ಮನೆಯವರು ಕದ ತೆರೆಯಬೇಕಿರಲಿಲ್ಲ, ಏನನ್ನೂ ಕೇಳಬೇಕಿರಲಿಲ್ಲ. ಹಾಸಿಗೆಯಲ್ಲಿ ಮಲಗಿದಲ್ಲೇ ತಮ್ಮ ಮನೆಯ ಭವಿಷ್ಯ ಅವರ ಕಿವಿಗೆ ಬೀಳುತ್ತಿತ್ತು. ಹಕ್ಕಿಯ ಸಂದೇಶವನ್ನು ಮನುಷ್ಯರ ಮಾತಿಗೆ ಇಳಿಸುವುದನ್ನೇ ಕುಲಕಸುಬಾಗಿ ಮಾಡಿಕೊಂಡ ಸಮುದಾಯ ಬುಡುಬುಡಿಕೆಯವರದು. ಈ ಕಸುಬಿಗೆ ಒಂದು ದೀರ್ಘ ಶಾಸ್ತ್ರಪರಂಪರೆಯ ಹಿನ್ನೆಲೆ ಇದೆ. ಶಾಸ್ತ್ರದ ಹಂಗಿಲ್ಲದ ಒಂದು ಲೋಕಜ್ಞಾನವೂ ಇದೆ. ಕಸುಬನ್ನು ಇಷ್ಟು ಕಾಲ ನಡೆಸಿದ್ದು ಬಹುಮಟ್ಟಿಗೆ ಎರಡನೆಯದೇ.

ಹಾಲಕ್ಕಿ ಎಂದು ಸಾಮಾನ್ಯವಾಗಿ ಗುರುತಿಸುವುದು ಚುಕ್ಕೆಗಳಿರುವ ಚಿಕ್ಕ ಗೂಬೆಯನ್ನು. ಗಾತ್ರ ಗೊರವಂಕದಷ್ಟು, ಉದ್ದ ಸುಮಾರು 21 ಸೆಂಟಿಮೀಟರು. ಬೂದು ಬೆರೆತ ಕಂದು ಮೈಮೇಲೆ ಬಿಳಿ ಚುಕ್ಕೆಗಳು, ದುಂಡು ತಲೆ, ಹಳದಿ ಕಣ್ಣು. ಯಾರಾದರೂ ಹತ್ತಿರ ಬಂದರೆ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತ ದಿಟ್ಟಿಸಿ ನೋಡುತ್ತದೆ. ಹಳೆಯ ಮಾವು, ಹುಣಸೆ, ಆಲದ ಮರಗಳ ಪೊಟರೆ, ಪಾಳುಗುಡಿಯ ಗೋಡೆಯ ಸಂದು, ಹೆಂಚಿನ ಮನೆಯ ಸೂರು ಇದರ ನೆಲೆ. ಜೋಡಿಯಾಗಿ ಬದುಕುವ ಈ ಹಕ್ಕಿಗಳು ಮುಸ್ಸಂಜೆಯಲ್ಲಿ ಹೊರಬಿದ್ದು ಹುಳ, ಜೀರುಂಡೆ, ಸಣ್ಣ ಇಲಿ, ಹಲ್ಲಿಗಳನ್ನು ಹಿಡಿದು ತಿನ್ನುತ್ತವೆ. ಕತ್ತಲಾಗುವ ಹೊತ್ತಿನಲ್ಲೂ ಬೆಳಕು ಹರಿಯುವ ಮುನ್ನವೂ ಇವುಗಳ ಗದ್ದಲ ಜೋರು. ಒಂದು ಚಿರ್ರೆಂದು ಶುರುಮಾಡಿದರೆ ಇನ್ನೊಂದು ಅದಕ್ಕೆ ಅಡ್ಡ ಬಾಯಿ ಹಾಕುತ್ತದೆ. ದನಿ ಏರಿಳಿದು, ಮುರಿದು, ಮತ್ತೆ ಕೂಡಿಕೊಂಡು, ದೂರದಿಂದ ಕೇಳುವವರಿಗೆ ಇಬ್ಬರು ಕೂತು ವಾದ ಮಾಡುತ್ತಿರುವಂತೆ ತೋರುತ್ತದೆ. ಈ ಕೂಗಿನಲ್ಲಿ ಮಾತನ್ನು ಹುಡುಕುವ ಆಸೆ ಮನುಷ್ಯರಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಊರಿನ ಅಂಚಿನಲ್ಲೇ ಬದುಕುವ, ಮನುಷ್ಯರು ನಿದ್ದೆಯಲ್ಲಿರುವಾಗ ಎಚ್ಚರವಿರುವ ಹಕ್ಕಿಗೆ ಊರಿನ ಗುಟ್ಟೆಲ್ಲ ಗೊತ್ತಿರಬೇಕೆಂಬ ಊಹೆಯೂ ಅಸಹಜವಲ್ಲ.

ಕನ್ನಡದಲ್ಲಿ ಗೂಬೆ ಅಪಶಕುನದ ಹಕ್ಕಿ. ಮನೆಯ ಮೇಲೆ ಕೂತರೆ ಕೇಡು ಎನ್ನುತ್ತಾರೆ. ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ಗೂಬೆ ಕೂರಿಸುವುದು ಎಂದೇ ಹೆಸರು. ಹೀಗಿರುವಾಗ ಅದೇ ಕುಲದ ಪುಟ್ಟ ಹಕ್ಕಿಯೊಂದು ಶುಭ ನುಡಿಯುವ ಹಕ್ಕಿಯಾಗಿ ನಿಂತದ್ದು ವಿಚಿತ್ರ. ಈ ಇಬ್ಬಗೆಯ ಭಾವನೆ ಬಹಳ ಹಳೆಯದು. ಋಗ್ವೇದದ ಎರಡನೆಯ ಮಂಡಲದ ಕೊನೆಯ ಎರಡು ಸೂಕ್ತಗಳು, ಅಂದರೆ 42 ಮತ್ತು 43ನೆಯವು, ಶಕುನದ ಹಕ್ಕಿಯನ್ನು ಉದ್ದೇಶಿಸಿದವು. ಮನೆಗಳ ಬಲಗಡೆ ಕೂತು ಕೂಗು, ಮಂಗಳದ ಮಾತನ್ನೇ ಆಡು ಎಂದು ಋಷಿ ಹಕ್ಕಿಯನ್ನು ಬೇಡುತ್ತಾನೆ. ಹತ್ತನೆಯ ಮಂಡಲದ 165ನೆಯ ಸೂಕ್ತದ ಮನಸ್ಥಿತಿ ಇದಕ್ಕೆ ವಿರುದ್ಧ. ಅಲ್ಲಿ ಮನೆಗೆ ಬಂದ ಪಾರಿವಾಳ ಮೃತ್ಯುದೇವತೆ ನಿರೃತಿಯ ದೂತ. ಗೂಬೆ ಕೂಗಿದ್ದು ಸುಳ್ಳಾಗಲಿ ಎಂಬುದು ಅಲ್ಲಿನ ಪ್ರಾರ್ಥನೆ. ಹಕ್ಕಿ ಸುದ್ದಿ ತರುತ್ತದೆಂಬ ನಂಬಿಕೆ ಎರಡು ಕಡೆಯೂ ಒಂದೇ. ಬೇರೆಯಾದದ್ದು ಸುದ್ದಿ ಎಂಥದೆಂಬ ಅಳುಕು ಮಾತ್ರ.

ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯ ಹೊತ್ತಿಗೆ ಇದೊಂದು ಪೂರ್ಣಪ್ರಮಾಣದ ಶಾಸ್ತ್ರವಾಗಿತ್ತು. ಆ ಗ್ರಂಥ ಶಕುನಕ್ಕೆ ಹಲವು ಅಧ್ಯಾಯಗಳನ್ನು ಮೀಸಲಿಟ್ಟಿದೆ. ನಾಯಿ, ನರಿ, ಕಾಡುಮೃಗ, ಹಸು, ಕುದುರೆ, ಆನೆ, ಕಾಗೆ, ಒಂದೊಂದಕ್ಕೂ ಪ್ರತ್ಯೇಕ ವಿವರಣೆ. ಶಕುನ ಎಂದರೇನು ಎಂಬುದಕ್ಕೆ ವರಾಹಮಿಹಿರ ಕೊಡುವ ಉತ್ತರ ಗಮನಾರ್ಹ. ಜನ್ಮಾಂತರದಲ್ಲಿ ಮಾಡಿದ ಒಳಿತು ಕೆಡುಕುಗಳು ಹಣ್ಣಾಗುವ ಕಾಲ ಬಂದಿದೆ ಎಂಬುದನ್ನು ಪಯಣ ಹೊರಟವನಿಗೆ ಹಕ್ಕಿ ತಿಳಿಸುತ್ತದೆ, ಅಷ್ಟೆ. ಹಕ್ಕಿ ಏನನ್ನೂ ಮಾಡುವುದಿಲ್ಲ. ಆಗಲಿರುವುದನ್ನು ವರದಿ ಮಾಡುತ್ತದೆ. ಹಕ್ಕಿಗೆ ಶಾಪ ಹಾಕುವುದಾಗಲಿ ಕಲ್ಲು ಹೊಡೆಯುವುದಾಗಲಿ ಈ ಲೆಕ್ಕದಲ್ಲಿ ಅರ್ಥವಿಲ್ಲದ ಕೆಲಸ. ಮುಂದೆ ಬುಡುಬುಡಿಕೆಯವರ ಬಾಯಲ್ಲಿ ಬರುವ ಮಾತಿನಲ್ಲೂ ಈ ನಿಲುವೇ ಉಳಿದುಕೊಂಡಿದೆ. ಕೆಟ್ಟ ಸುದ್ದಿ ಹೇಳಬೇಕಾದಾಗ ಅವನು ತನ್ನ ಹೆಸರು ತರುವುದಿಲ್ಲ, ಹಕ್ಕಿ ನುಡಿದದ್ದನ್ನು ತಂದಿದ್ದೇನೆ ಎನ್ನುತ್ತಾನೆ.

ಶಾಸ್ತ್ರದ ಲೆಕ್ಕಾಚಾರ ಮಾತ್ರ ಬಲು ಸೂಕ್ಷ್ಮ. ಎಂಟು ದಿಕ್ಕುಗಳಲ್ಲಿ ಸೂರ್ಯ ಈಗಷ್ಟೇ ಬಿಟ್ಟುಬಂದ ದಿಕ್ಕು, ಈಗ ಇರುವ ದಿಕ್ಕು, ಮುಂದೆ ಹೋಗಲಿರುವ ದಿಕ್ಕು, ಈ ಮೂರೂ ಕಾದ ದಿಕ್ಕುಗಳು. ಉಳಿದ ಐದು ಶಾಂತ ದಿಕ್ಕುಗಳು. ಜಾವ ಕಳೆದಂತೆ ಈ ಲೆಕ್ಕ ತಿರುಗುತ್ತ ಹೋಗುತ್ತದೆ. ಹಕ್ಕಿ ಯಾವ ದಿಕ್ಕಿನಲ್ಲಿ ಕೂಗಿತು, ಎಡಕ್ಕೋ ಬಲಕ್ಕೋ, ಹಸಿರು ಮರದ ಮೇಲೋ ಒಣಕೊಂಬೆಯ ಮೇಲೋ, ಹಗಲಿನ ಹಕ್ಕಿ ಇರುಳಿನಲ್ಲಿ ಕೂಗಿತೋ, ಊರಿನ ಪ್ರಾಣಿ ಕಾಡಿನಲ್ಲಿ ಕಂಡಿತೋ, ಇವೆಲ್ಲ ಕೂಡಿ ಫಲ. ಒಂದೇ ಕೂಗು ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ. ಇಷ್ಟು ಅಂಶಗಳನ್ನು ಕೂಡಿಸಿ ಕಳೆದು ಹೇಳಬೇಕಾದರೆ ಬಲ್ಲವನೊಬ್ಬ ಬೇಕೇಬೇಕು. ಶಾಸ್ತ್ರ ಕಗ್ಗಂಟಾದಷ್ಟೂ ಅದನ್ನು ಬಿಡಿಸುವವನ ಬೆಲೆ ಏರುತ್ತದೆ, ಈ ಮಾತು ಶಕುನಕ್ಕೆ ಮಾತ್ರ ಸಲ್ಲುವುದಲ್ಲ. ಮುಂದೆ ಬಂದ ವಸಂತರಾಜನ ಶಾಕುನಗ್ರಂಥ ಇಡೀ ಪುಸ್ತಕವನ್ನೇ ಈ ವಿದ್ಯೆಗೆ ಮುಡಿಪಿಟ್ಟಿತು. ಪಿಂಗಲಾ ಎಂಬ ಹಕ್ಕಿಯ ಕೂಗಿಗೆ ಅದರಲ್ಲಿ ಪ್ರತ್ಯೇಕ ಜಾಗವಿದೆ. ಸಂಸ್ಕೃತದ ಪಿಂಗಲಾ, ಮರಾಠಿಯ ಪಿಂಗಳಾ, ಕನ್ನಡದ ಹಾಲಕ್ಕಿ ಮೂರೂ ಒಂದೇ ಚುಕ್ಕೆಗೂಬೆ ಎಂದು ಸಾಮಾನ್ಯವಾಗಿ ಗುರುತಿಸುತ್ತಾರೆ.

ಕನ್ನಡ ನಾಡಿನ ಅರಮನೆಗಳಿಗೂ ಈ ವಿದ್ಯೆ ಹೊಸದಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ, ಎರಡನೆಯ ಚಾವುಂಡರಾಯ ರಚಿಸಿದ ಲೋಕೋಪಕಾರ ಕನ್ನಡದ ಮೊದಲ ವಿಶ್ವಕೋಶದಂಥ ಕೃತಿ. ಬಾವಿ ತೋಡಲು ನೀರಿನ ಸೆಲೆ ಹುಡುಕುವುದು, ಗಿಡಮರಗಳ ಆರೈಕೆ, ಅಡುಗೆ, ಸುಗಂಧ, ದನಗಳ ಔಷಧ, ವಿಷವೈದ್ಯ, ಇವುಗಳ ಸಾಲಿನಲ್ಲೇ ಶಕುನವೂ ಅದರಲ್ಲಿ ಸೇರಿದೆ. ಬೇಸಾಯಗಾರನಿಗೆ ತಿಳಿದಿರಬೇಕಾದ ನಿತ್ಯೋಪಯೋಗಿ ವಿಷಯಗಳಲ್ಲಿ ಅದೂ ಒಂದು ಎಂಬ ಭಾವನೆ ಇದರ ಹಿಂದೆ ಇದೆ. ಅದೇ ವಂಶದ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ರಾಜ ದಂಡೆತ್ತಿ ಹೋಗುವ ಮುನ್ನ ನೋಡಬೇಕಾದ ಶಕುನಗಳ ವಿಚಾರ ಬರುತ್ತದೆ. ಹೊಲಕ್ಕೆ ಹೊರಟ ರೈತನೂ ಯುದ್ಧಕ್ಕೆ ಹೊರಟ ದೊರೆಯೂ ಹಕ್ಕಿಯ ಕೂಗಿಗೆ ಒಂದೇ ರೀತಿ ಕಿವಿಗೊಡುತ್ತಿದ್ದ ಕಾಲವದು.

ಪ್ರಾಣಿಗಳಿಂದ ಬುದ್ಧಿ ಕಲಿಯುವ ಇನ್ನೊಂದು ದಾರಿಯೂ ಆಗಲೇ ಕನ್ನಡದಲ್ಲಿ ಹರಿಯುತ್ತಿತ್ತು. ಜಯಸಿಂಹನ ಆಸ್ಥಾನದಲ್ಲೇ ಅಧಿಕಾರಿಯಾಗಿದ್ದ ದುರ್ಗಸಿಂಹ 1031ರ ಸುಮಾರಿಗೆ ಕನ್ನಡ ಪಂಚತಂತ್ರವನ್ನು ಬರೆದ. ವಿಷ್ಣುಶರ್ಮನ ಪಾಠವನ್ನು ಬಿಟ್ಟು ವಸುಭಾಗನ ಪಾಠವನ್ನು ಅವನು ಹಿಡಿದ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತನೊಬ್ಬ ತನ್ನ ಇಪ್ಪತ್ನಾಲ್ಕು ಗುರುಗಳನ್ನು ಹೆಸರಿಸುವಾಗ ಪಾರಿವಾಳ, ಹೆಬ್ಬಾವು, ಜೇನುಹುಳು, ಜಿಂಕೆ, ಮೀನು, ಜೇಡ ಎಲ್ಲವೂ ಬರುತ್ತವೆ. ಹಳ್ಳಿಹಳ್ಳಿಗೂ ಗೊತ್ತಿರುವ ಗೋವಿನ ಹಾಡಿನಲ್ಲಿ ಸತ್ಯಕ್ಕೆ ಕಟ್ಟುಬಿದ್ದ ಹಸು ಹುಲಿಗೇ ಪಾಠ ಹೇಳುತ್ತದೆ. ಕಥೆಯ ಪ್ರಾಣಿ ಎಲ್ಲರಿಗೂ ಒಂದೇ ಪಾಠ ಹೇಳುತ್ತದೆ. ಕೇಳುವವನು ಅದನ್ನು ತನಗೆ ಬೇಕಾದಂತೆ ಅನ್ವಯಿಸಿಕೊಳ್ಳಬೇಕು. ಶಕುನದ ಹಕ್ಕಿ ಇಂದು, ಈ ಮನೆಗೆ, ಈ ಯಜಮಾನನಿಗೆ ಮಾತ್ರ ನುಡಿಯುತ್ತದೆ. ನೀತಿ ಬೋಧಿಸುವ ಗೊಡವೆ ಅದಕ್ಕಿಲ್ಲ. ಆದರೂ ಹಾಲಕ್ಕಿಯ ಹೆಸರಿನಲ್ಲಿ ಮನೆಮನೆಗೆ ಮುಟ್ಟಿದ ಮಾತಿನಲ್ಲಿ ನೀತಿಯೇ ಹೆಚ್ಚಿತ್ತೆಂಬುದು ಮುಂದೆ ಕಾಣುತ್ತದೆ. ಇಂಥ ನಂಬಿಕೆಗೆ ವಿರೋಧವೂ ಇತ್ತು: ಹನ್ನೆರಡನೆಯ ಶತಮಾನದ ಶರಣರು ದಿನ, ನಕ್ಷತ್ರ, ಮುಹೂರ್ತಗಳ ಲೆಕ್ಕವನ್ನೇ ತಳ್ಳಿಹಾಕಿದರು. ಆ ಟೀಕೆ ಪುರೋಹಿತರ ಪಂಚಾಂಗಕ್ಕೆ ತಾಗಿದಷ್ಟು ಬೀದಿಯ ಶಕುನಗಾರನಿಗೆ ತಾಗಿದಂತೆ ಕಾಣುವುದಿಲ್ಲ.

ಬುಡುಬುಡಿಕೆಯವರು ಕನ್ನಡ ನಾಡಿಗೆ ಬಂದದ್ದು ಮರಾಠಿ ಸೀಮೆಯಿಂದ. ಮನೆಯೊಳಗೆ ಮರಾಠಿ ಬೆರೆತ ಆಡುನುಡಿ, ಹೊರಗೆ ಕನ್ನಡ ಎಂಬ ಎರಡು ನುಡಿಯ ಬದುಕು ಅವರದು. ಮಹಾರಾಷ್ಟ್ರದಲ್ಲಿ ಇದೇ ಕಸುಬಿನವರನ್ನು ಕುಡಮುಡೆ ಜೋಶಿ, ಪಿಂಗಳಾ ಜೋಶಿ ಎನ್ನುತ್ತಾರೆ. ಹಕ್ಕಿಯ ಹೆಸರೇ ಮನುಷ್ಯರಿಗೂ ಅಂಟಿದೆ. ಹದಿನಾರನೆಯ ಶತಮಾನದ ಸಂತ ಏಕನಾಥ ಪೈಠಣದಲ್ಲಿದ್ದುಕೊಂಡು ರಚಿಸಿದ ಭಾರೂಡ ಎಂಬ ರೂಪಕ ಹಾಡುಗಳಲ್ಲಿ ಜೋಶಿ, ವಾಸುದೇವ, ಗೊಂದಲಿ ಮುಂತಾದ ಬೀದಿಯ ವೇಷಗಳೇ ಮಾತನಾಡುತ್ತವೆ. ಭವಿಷ್ಯ ಹೇಳುವ ಜೋಶಿಯ ಬಾಯಲ್ಲಿ ಅವನು ವೈರಾಗ್ಯದ, ಭಕ್ತಿಯ ಮಾತನ್ನು ಇಟ್ಟ. ಜೋಶಿ ಎಲ್ಲರಿಗೂ ಪರಿಚಿತನಾಗಿದ್ದರಿಂದಲೇ ಆ ವೇಷ ಏಕನಾಥನ ಉಪಯೋಗಕ್ಕೆ ಬಂತು. ಅಷ್ಟು ಹೊತ್ತಿಗಾಗಲೇ ಈ ಕಸುಬು ದಖ್ಖನದಲ್ಲಿ ಬೇರುಬಿಟ್ಟಿತ್ತೆಂದು ಇದರಿಂದ ಹೇಳಬಹುದು.

ವಸಾಹತು ಕಾಲದ ಬರಹಗಳು ಇವರನ್ನು ಕಂಡದ್ದು ಅನುಮಾನದ ಕಣ್ಣಿನಿಂದ. ಮೈಸೂರು ಸಂಸ್ಥಾನದ ಜನಗಣತಿ ವರದಿ ಇವರನ್ನು ಮರಾಠಿ ಸೀಮೆಯಿಂದ ಬಂದ ಅಲೆಮಾರಿ ಭಿಕ್ಷುಕರು, ಹಕ್ಕಿ ಹಾವುಗಳನ್ನು ಕೇಳಿ ಭವಿಷ್ಯ ಹೇಳುವುದಾಗಿ ನಟಿಸುವವರು ಎಂದು ವರ್ಣಿಸಿತು. ಎಲ್ಲ ಜಿಲ್ಲೆಗಳಲ್ಲೂ ಇದ್ದಾರೆ, ಆದರೆ ಕಡಿಮೆ ಸಂಖ್ಯೆಯಲ್ಲಿ. ಹೆಚ್ಚಾಗಿ ಹನುಮಂತನ ಭಕ್ತರು ಎಂದೂ ಸೇರಿಸಿತು. ಎಡ್ಗರ್ ಥರ್ಸ್ಟನ್ 1909ರಲ್ಲಿ ಕೆ. ರಂಗಾಚಾರಿಯವರ ನೆರವಿನೊಂದಿಗೆ ಏಳು ಸಂಪುಟಗಳಲ್ಲಿ ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಕೋಶ ಈ ವರ್ಣನೆಯನ್ನು ಎತ್ತಿಕೊಂಡು ವೇಷದ ವಿವರ ಕೊಡುತ್ತದೆ: ಬಣ್ಣಬಣ್ಣದ ಭಾರಿ ರುಮಾಲು, ಅದರ ಮೇಲೆ ಗರಿಗಳ ಗೊಂಚಲು, ಹರುಕು ಷರಾಯಿ, ಮೊಳಕೈ ಹರಿದ ಉದ್ದ ಕೋಟು, ಕಂಕುಳಲ್ಲಿ ದೊಡ್ಡ ಜೋಳಿಗೆ, ಅನುಕೂಲವಿದ್ದರೆ ಬೆನ್ನ ಮೇಲೆ ಹುಲಿಯದೋ ಚಿರತೆಯದೋ ಚರ್ಮ. ಕಪಟಿಗಳು ಎಂಬ ತೀರ್ಪಿನೊಂದಿಗೆ ಆ ಬರಹಗಾರರು ಮುಂದೆ ಹೋದರು. ಜನ ಯಾಕೆ ಇವರಿಗೆ ಕಾಳು, ಬಟ್ಟೆ ಕೊಡುತ್ತಾರೆ ಎಂಬ ಪ್ರಶ್ನೆಯ ಬಳಿ ಅವರು ನಿಲ್ಲಲಿಲ್ಲ.

ಬುಡುಬುಡಿಕೆ ಎಂಬ ವಾದ್ಯ ಡಮರುಗದ ಚಿಕ್ಕ ತಮ್ಮ. ನಡು ಸಣ್ಣಗಾದ, ಎರಡು ಕಡೆ ತೆಳು ಚರ್ಮ ಬಿಗಿದ ಪುಟ್ಟ ಹೊಳವು. ನಡುವಿಗೆ ಕಟ್ಟಿದ ದಾರಗಳ ತುದಿಯಲ್ಲಿ ಗಂಟು. ಮಣಿಕಟ್ಟನ್ನು ಬಿರುಸಾಗಿ ಅತ್ತಿತ್ತ ತಿರುಗಿಸಿದರೆ ಗಂಟುಗಳು ಚರ್ಮಕ್ಕೆ ಬಡಿದು ಎಡೆಬಿಡದ ಗುಟುರು ಹೊರಡುತ್ತದೆ. ತಿರುಗಿಸುವ ವೇಗ ಬದಲಾದಂತೆ ದನಿ ಹಕ್ಕಿಗಳ ಕಲರವದ ಹತ್ತಿರಕ್ಕೆ ಬರುತ್ತದೆ. ಹಕ್ಕಿಯ ಕೂಗು ನಿಂತ ಜಾಗದಿಂದ ಮನುಷ್ಯನ ಮಾತು ಶುರುವಾಗುವ ಜಾಗದ ನಡುವೆ ಸೇತುವೆಯಾಗಿ ಈ ವಾದ್ಯ ಕೆಲಸ ಮಾಡುತ್ತಿತ್ತು. ಅರೆನಿದ್ದೆಯಲ್ಲಿದ್ದವರಿಗೆ ಇಂಥ ಕಡೆ ಹಕ್ಕಿ ಮುಗಿದು ಇಂಥ ಕಡೆ ವಾದ್ಯ ಹಿಡಿಯಿತೆಂದು ಗೆರೆ ಎಳೆಯಲಾಗುತ್ತಿರಲಿಲ್ಲ.

ಹಿಂದೆ ಕಸುಬಿನ ಕ್ರಮ ಹೀಗಿತ್ತು. ಸುಗ್ಗಿ ಮುಗಿದು ಕಣಜ ತುಂಬಿದ ಮೇಲೆ ತಂಡ ಒಂದು ಊರಿನ ಹೊರಗೆ ಬಿಡಾರ ಹೂಡುತ್ತದೆ. ಮಸಣದ ಹತ್ತಿರ ಹೋಗಿ ಇರುಳಲ್ಲಿ ಕೂತು ಹಾಲಕ್ಕಿಯ ನುಡಿ ಕೇಳಿಬರುತ್ತಾರೆಂಬುದು ಊರವರ ನಂಬಿಕೆ. ಬುಡುಬುಡಿಕೆಯವರೂ ಆ ನಂಬಿಕೆಯನ್ನು ಅಲ್ಲಗಳೆಯುವುದಿಲ್ಲ, ಮಸಣದ ಮಾತಿಗೆ ಬರುವ ತೂಕ ಅವರಿಗೆ ಚೆನ್ನಾಗಿ ಗೊತ್ತು. ನಸುಕಿನಲ್ಲಿ ಒಬ್ಬನೇ, ಕಂದೀಲು ಹಿಡಿದೋ ಹಿಡಿಯದೆಯೋ, ಬೀದಿ ಹಿಡಿಯುತ್ತಾನೆ. ಆ ಹೊತ್ತಿನಲ್ಲಿ ಯಾರೂ ಅವನ ಎದುರಿಗೆ ಬರಬಾರದು, ಮಾತನಾಡಿಸಬಾರದು. ಮಕ್ಕಳು ಹೊದಿಕೆ ಮುಚ್ಚಿಕೊಂಡು ಮಲಗಿರಬೇಕು. ಅವನು ಕಾಸು ಕಾಳು ಕೇಳುವುದಿಲ್ಲ, ಹೇಳುವುದನ್ನು ಹೇಳಿ ಹೊರಟುಹೋಗುತ್ತಾನೆ. ಬಿಸಿಲೇರಿದ ಮೇಲೆ ಅದೇ ಮನುಷ್ಯ ಅದೇ ಬೀದಿಗೆ ಮತ್ತೆ ಬರುತ್ತಾನೆ. ಈಗ ಅವನು ಬೇಡುವವನು. ಬೆಳಗಿನ ನುಡಿಯನ್ನು ನೆನಪಿಸುತ್ತಾನೆ, ಬಿಡಿಸಿ ಹೇಳುತ್ತಾನೆ, ಕೇಡಿದ್ದರೆ ಪರಿಹಾರವಾಗಿ ತಾಯಿತ ಕಟ್ಟುತ್ತಾನೆ. ಪ್ರತಿಫಲ ರಾಗಿ, ಜೋಳ, ಚಿಲ್ಲರೆ ಕಾಸು, ಎಲ್ಲಕ್ಕಿಂತ ಹೆಚ್ಚಾಗಿ ಹಳೆಯ ಬಟ್ಟೆ. ಯಜಮಾನನ ಹಳೇ ಕೋಟು, ಅಜ್ಜನ ಪಂಚೆ, ಹೆಂಗಸರ ಸೀರೆ ಒಂದರ ಮೇಲೊಂದು ಅವನ ಹೆಗಲೇರುತ್ತವೆ. ಮೈಮೇಲಿನ ಬಟ್ಟೆಯ ಹೊರೆಯೇ ಅವನ ನುಡಿ ಎಷ್ಟು ಮನೆಗಳಲ್ಲಿ ಫಲಿಸಿದೆ ಎಂಬುದಕ್ಕೆ ಜಾಹೀರಾತು.

ನುಡಿಯ ಧಾಟಿ ಬಹುತೇಕ ಸ್ಥಿರ. ಮೊದಲು ಹಕ್ಕಿಯ ಹೆಸರು, ಶುಭದ ಹಾರೈಕೆ, ಆಮೇಲೆ ಗುರಿ: ಈ ಮನೆಯ ತಾಯಿಗೆ ಮನಸ್ಸಿನಾಗೆ ಒಂದು ಕೊರಗೈತೆ, ಹತ್ತಿರದೋರೇ ದೂರ ಆಗವ್ರೆ, ಮೂಡಲ ದಿಕ್ಕಿಂದ ಒಂದು ಸುದ್ದಿ ಬರ್ತೈತೆ, ಬರೋ ಅಮಾಸೆ ಕಳೀಲಿ, ನಿಂತೋದ ಕೆಲಸ ಆಗ್ತೈತೆ, ಆದರೆ ಯಜಮಾನ ನಾಲಿಗೆ ಬಿಗಿ ಹಿಡೀಬೇಕು, ಬಾಗಿಲಿಗೆ ಬಂದೋರನ್ನ ಬರಿಗೈಲಿ ಕಳಿಸಬಾರದು. ಇದನ್ನು ಬರೆದಿಟ್ಟು ಓದಿದರೆ ಯಾವ ಮನೆಗಾದರೂ ಸಲ್ಲುವ ಮಾತು. ಕೊರಗಿಲ್ಲದ ತಾಯಿ, ಮುನಿಸಿಕೊಂಡ ನಂಟರಿಲ್ಲದ ಮನೆ ಯಾವ ಊರಲ್ಲಿದೆ? ಆದರೆ ಬುಡುಬುಡಿಕೆಯವನು ಪ್ರತಿ ಮನೆಗೂ ಒಂದೇ ಮಾತು ಹೇಳುತ್ತಿರಲಿಲ್ಲ. ಹಗಲಿನ ಭಿಕ್ಷೆಯಲ್ಲಿ ಕಣ್ಣು ಕಿವಿ ತೆರೆದು ತಿರುಗುವವನಿಗೆ, ವರ್ಷ ವರ್ಷವೂ ಅದೇ ಸೀಮೆಗೆ ಬರುವವನಿಗೆ, ಯಾವ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಾಳೆ, ಯಾವ ಅಣ್ಣತಮ್ಮಂದಿರು ಪಾಲಿಗಾಗಿ ಜಗಳವಾಡಿದ್ದಾರೆ, ಯಾರ ಎತ್ತು ಸತ್ತಿದೆ, ಯಾರ ಮಗ ಪಟ್ಟಣ ಸೇರಿ ಕಾಗದ ಬರೆಯದೆ ಕೂತಿದ್ದಾನೆ ಎಂಬುದು ತಿಳಿಯುವುದು ಕಷ್ಟವಲ್ಲ. ಊರುಗಳ ಇಡೀ ಒಂದು ಸರಣಿಯೇ ಒಂದು ಕುಟುಂಬದ ಪಾಲಿಗೆ ಹಂಚಿಕೆಯಾಗಿದ್ದು, ತಂದೆಯಿಂದ ಮಗನಿಗೆ ಆ ಮನೆಗಳ ವಿವರವೂ ಆಸ್ತಿಯಂತೆ ಇಳಿದುಬರುತ್ತಿತ್ತು.

ಇಲ್ಲಿಯೇ ಹಕ್ಕಿಯ ನಿಜವಾದ ಉಪಯೋಗ ಕಾಣುವುದು. ಊರಿನ ಗೌಡನ ಮನೆಯ ಮುಂದೆ ನಿಂತು, ನೀನು ತಮ್ಮನಿಗೆ ಅನ್ಯಾಯ ಮಾಡಿದ್ದೀಯೆ, ಸೊಸೆಯನ್ನು ಗೋಳುಹೊಯ್ದುಕೊಳ್ಳುತ್ತಿದ್ದೀಯೆ ಎಂದು ಹೇಳುವ ಧೈರ್ಯ ಊರಿನೊಳಗಿನ ಯಾರಿಗೂ ಇರಲಿಲ್ಲ. ಬೇಡಿ ತಿನ್ನುವ ಅಲೆಮಾರಿಗಂತೂ ಅದು ಕನಸಿನ ಮಾತು. ಅದನ್ನೇ ಹಾಲಕ್ಕಿಯ ಬಾಯಲ್ಲಿ ಇಟ್ಟರೆ ಮಾತು ಬೀದಿಯ ಉದ್ದಕ್ಕೂ ಕೇಳಿಸುತ್ತದೆ, ಹೇಳಿದವನ ಮೈಮೇಲೆ ಏಟು ಬೀಳುವುದಿಲ್ಲ. ಅಕ್ಕಪಕ್ಕದ ಮನೆಯವರೂ ಎಚ್ಚರವಿದ್ದೇ ಕೇಳಿಸಿಕೊಂಡಿರುತ್ತಾರೆ. ಮಧ್ಯಾಹ್ನದೊಳಗೆ ಬಾವಿಕಟ್ಟೆಯಲ್ಲಿ ಆ ಮಾತಿನ ಚರ್ಚೆ ನಡೆಯುತ್ತದೆ. ಕಣಿ ಹೇಳುವ ಕೊರವಂಜಿಗೂ ಇವನಿಗೂ ಇರುವ ವ್ಯತ್ಯಾಸ ದೊಡ್ಡದು. ಕೊರವಂಜಿಯ ಮುಂದೆ ಕೈ ಚಾಚಿ ಕೂತು ಕೇಳಬೇಕು, ಹೇಳಿದ್ದು ಇಬ್ಬರ ನಡುವೆಯೇ ಉಳಿಯುತ್ತದೆ. ಹಾಲಕ್ಕಿಯ ನುಡಿ ಕೇಳದೆಯೇ ಬರುತ್ತದೆ, ಎಲ್ಲರ ಕಿವಿಗೂ ಬೀಳುತ್ತದೆ. ದಾನ ಮಾಡು, ಮುನಿಸು ಬಿಡು, ಹಿರಿಯರಿಗೆ ಎಡೆ ಇಡು, ಹರಕೆ ತೀರಿಸು, ಎಂಬ ಉಪದೇಶಗಳು ಆ ನುಡಿಯಲ್ಲಿ ಮತ್ತೆ ಮತ್ತೆ ಬರುವುದಕ್ಕೆ ದಾನ ಪಡೆಯುವವನ ಸ್ವಾರ್ಥವೂ ಕಾರಣವೆಂಬುದು ನಿಜ. ಹೆದರಿಸಿ ತಾಯಿತ ಮಾರಿದವರು, ಅಮಾಯಕರಿಂದ ದುಡ್ಡು ಕಿತ್ತವರು ಇರಲಿಲ್ಲವೆಂದಲ್ಲ. ಆದರೆ ಬರೀ ಮೋಸದ ಮೇಲೆ ನಿಂತ ಕಸುಬು ಅದೇ ಊರುಗಳಿಗೆ ತಲೆಮಾರುಗಟ್ಟಲೆ ಮರಳಿ ಬರಲಾರದು.

ಪ್ರಾಣಿಯ ಮೂಲಕ ದೈವದ ಮಾತು ಕೇಳುವ ಇನ್ನೊಂದು ಪದ್ಧತಿ ಕೋಲೆ ಬಸವನದು. ಆಂಧ್ರದಲ್ಲಿ ಗಂಗಿರೆದ್ದು, ತಮಿಳುನಾಡಿನಲ್ಲಿ ಪೆರುಮಾಳ್ ಮಾಡು ಎಂದು ಹೆಸರಾದ ಈ ಕಲೆಯನ್ನು ತೆಲುಗು ಮನೆಮಾತಿನ ಅಲೆಮಾರಿಗಳು ಕರ್ನಾಟಕದಲ್ಲಿ ನಡೆಸಿಕೊಂಡು ಬಂದಿದ್ದಾರೆ. ಎತ್ತಿನ ಬೆನ್ನ ಮೇಲೆ ಬಣ್ಣದ ತೇಪೆಗಳ ಜೂಲು, ಕೊರಳಲ್ಲಿ ಗಂಟೆ ಮತ್ತು ಕವಡೆಸರ, ಹಣೆಗೆ ಪಟ್ಟಿ, ಕೊಂಬಿನ ತುದಿಗೆ ಹಿತ್ತಾಳೆಯ ಅಣಸು. ಜೊತೆಗೆ ಡೋಲು, ಓಲಗ. ಎತ್ತು ರಾಮ, ಹಸು ಸೀತೆ. ಇಬ್ಬರಿಗೂ ಬೀದಿಯಲ್ಲೇ ಮದುವೆ. ಮನೆಯವರು ಮನಸ್ಸಿನಲ್ಲಿ ಒಂದನ್ನು ನೆನೆದು ನಿಂತರೆ ಒಡೆಯ ಅವರ ಪರವಾಗಿ ಕೇಳುತ್ತಾನೆ: ಈ ತಾಯಿ ನೆನೆಸಿದ್ದು ಕೈಗೂಡುತ್ತದಾ ರಾಮಣ್ಣ? ಬಸವ ತಲೆ ಆಡಿಸುತ್ತಾನೆ. ಒಡೆಯನ ಹಗ್ಗದ ಸಣ್ಣ ಎಳೆತ, ದನಿಯ ಏರಿಳಿತಗಳಿಗೆ ಎತ್ತನ್ನು ಕರುವಾಗಿದ್ದಾಗಿನಿಂದ ಪಳಗಿಸಿರುತ್ತಾರೆ. ಎಲ್ಲದಕ್ಕೂ ಹೂಂಗುಟ್ಟುವವನನ್ನು ಕೋಲೆ ಬಸವ ಎಂದು ಗೇಲಿ ಮಾಡುವ ಜನ ಈ ಗುಟ್ಟನ್ನು ಬಲ್ಲವರೇ. ಬಲ್ಲವರಾಗಿದ್ದೂ ಮೊರದಲ್ಲಿ ಅಕ್ಕಿ ತಂದು ಸುರಿದು, ಬಸವನ ಪಾದ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಹಳೆಯ ಮೈಸೂರು ಸೀಮೆಯ ದೇವರ ಬಸವಗಳ ಸಂಗತಿ ಬೇರೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಚಿಕ್ಕರಸಿನಕೆರೆಯ ಕಾಲಭೈರವೇಶ್ವರನ ಬಸವ ಇವುಗಳಲ್ಲಿ ಹೆಸರುವಾಸಿ. ಇವು ಭಿಕ್ಷೆಗೆ ತಿರುಗುವ ಎತ್ತುಗಳಲ್ಲ, ದೇವಸ್ಥಾನಕ್ಕೆ ಬಿಟ್ಟ ಗೂಳಿಗಳು. ನೇಗಿಲಿಗೆ, ಗಾಡಿಗೆ ಕಟ್ಟುವಂತಿಲ್ಲ. ಭಕ್ತರು ನೆಲದ ಮೇಲೆ ಅಂಗೈ ಚಾಚಿ ಕೂತು ಪಾದ ಕೇಳುತ್ತಾರೆ. ಬಸವಪ್ಪ ಮುಂಗಾಲನ್ನು ಎತ್ತಿ ಅಂಗೈ ಮೇಲೆ ಮೆತ್ತಗಿಟ್ಟರೆ ಒಪ್ಪಿಗೆ, ಮುಖ ತಿರುಗಿಸಿ ಹೋದರೆ ಇಲ್ಲ. ದೇವಸ್ಥಾನಕ್ಕೆ ಹೊಸ ಪೂಜಾರಿಯನ್ನು ಆರಿಸುವಾಗ ಅರ್ಹರನ್ನು ಸಾಲಾಗಿ ನಿಲ್ಲಿಸಿ ಬಸವನನ್ನು ಬಿಡುವುದುಂಟು. ಅವನು ಯಾರನ್ನು ಮೂತಿಯಿಂದ ತಿವಿದು ಮುಂದಕ್ಕೆ ತಳ್ಳುತ್ತಾನೋ ಅವರೇ ಪೂಜಾರಿ. ಪಂಚಾಯಿತಿ ಕಟ್ಟೆಯಲ್ಲಿ ಬಗೆಹರಿಯದ ಜಗಳವನ್ನು, ಯಾರೂ ಒಪ್ಪಿಕೊಳ್ಳದ ಕಳವನ್ನು ಬಸವನ ಮುಂದೆ ಇಡುತ್ತಾರೆ. ಎರಡು ಪಂಗಡಗಳೂ ಸೋಲದಂಥ ತೀರ್ಪು ಬೇಕಾದಾಗ ಮಾತನಾಡದ ನ್ಯಾಯಾಧೀಶನಿಗಿಂತ ಒಳ್ಳೆಯವನು ಸಿಗುವುದಿಲ್ಲ. ಪಕ್ಷಪಾತ ಮಾಡಿದನೆಂದು ಗೂಳಿಯ ಮೇಲೆ ಯಾರೂ ಹರಿಹಾಯಲಾರರು. ಬಸವ ತೀರಿಕೊಂಡರೆ ಮನುಷ್ಯರಿಗೆ ಮಾಡುವಂತೆ ಮೆರವಣಿಗೆ, ಸಮಾಧಿ, ತಿಥಿ ಎಲ್ಲ ನಡೆಯುತ್ತದೆ, ಅದರ ಜಾಗಕ್ಕೆ ಹೊಸ ಕರುವನ್ನು ಹುಡುಕಿ ತರುತ್ತಾರೆ.

ಗಿಳಿಶಾಸ್ತ್ರ ಪಟ್ಟಣದ ಪಾದಚಾರಿಗಳ ಮಟ್ಟಿಗೆ ಹುಟ್ಟಿಕೊಂಡ ಸರಳ ವ್ಯಾಪಾರ. ಪಂಜರದ ಗಿಳಿ ಹೊರಬಂದು ಸಾಲಾಗಿ ಜೋಡಿಸಿದ ಚೀಟಿಗಳಲ್ಲಿ ಒಂದನ್ನು ಕೊಕ್ಕಿನಿಂದ ಎಳೆಯುತ್ತದೆ, ಬದಲಿಗೆ ಒಂದು ಕಾಳು ಪಡೆದು ಮರಳಿ ಪಂಜರ ಸೇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಕಾಡಿನ ಗಿಳಿಗಳನ್ನು ಹಿಡಿದು ಸಾಕುವುದು ಅಪರಾಧವಾದ್ದರಿಂದ ಈ ವ್ಯಾಪಾರಕ್ಕೆ ಕಾನೂನಿನ ಅಡ್ಡಿ ಇದೆ. ಹಲ್ಲಿ ಲೊಚಗುಟ್ಟಿದರೆ ಕೃಷ್ಣ ಕೃಷ್ಣ ಎನ್ನುವುದು, ಮೈಮೇಲೆ ಬಿದ್ದರೆ ಪಂಚಾಂಗದ ಕೊನೆಯ ಹಾಳೆಗಳಲ್ಲಿ ಫಲ ಹುಡುಕುವುದು, ಇವಕ್ಕೆ ಮಧ್ಯವರ್ತಿಯೇ ಬೇಡವಾದ್ದರಿಂದ ಇಂದಿಗೂ ಯಾವ ಅಡ್ಡಿಯೂ ಇಲ್ಲದೆ ನಡೆದುಕೊಂಡು ಬಂದಿವೆ.

ಹಾಲಕ್ಕಿ ನುಡಿಗೆ ಕುತ್ತು ಬಂದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ವಿಚಾರವಾದಿಗಳ ಟೀಕೆಗಿಂತ ಹೆಚ್ಚಿನ ಕೆಲಸ ಮಾಡಿದ್ದು ಬೀದಿದೀಪ. ಬೆಳಕಿನ ಬೀದಿಯಲ್ಲಿ ನಡೆದು ಬರುವ ಶಕುನಗಾರ ಯಾರೆಂದು ಕಿಟಕಿಯಿಂದಲೇ ಕಾಣತೊಡಗಿದ ಮೇಲೆ ನಿಗೂಢತೆ ಕರಗಿತು. ಮನೆಗೆ ಕಾಂಪೌಂಡು ಬಂತು, ಗೇಟಿಗೆ ನಾಯಿ ಬಂತು. ಕತ್ತಲಲ್ಲಿ ಓಡಾಡುವ ಅಪರಿಚಿತನನ್ನು ಕಳ್ಳನೆಂದೋ ಮಕ್ಕಳ ಕಳ್ಳನೆಂದೋ ಹಿಡಿದು ಬಡಿಯುವ ಭಯ ಅಲೆಮಾರಿಗಳನ್ನೆಲ್ಲ ಕಾಡತೊಡಗಿತು. ಕಾಳಿನಲ್ಲಿ ಕೂಲಿ ಕೊಡುವ ಪದ್ಧತಿ ಹೋಗಿ ಹಣದ ಲೆಕ್ಕ ಬಂದಾಗ ಸುಗ್ಗಿಯಲ್ಲಿ ಕಸುಬಿನವರಿಗೆ ಕಾಳಿನ ಪಾಲು ಕೊಡುವ ಆಯಗಾರಿಕೆಯ ಕಟ್ಟೂ ಸಡಿಲಿತು. ಬೆಳಗಿನ ಹೊತ್ತಿನ ಭವಿಷ್ಯಕ್ಕೆ ಬೇಡಿಕೆ ಮಾತ್ರ ಕುಗ್ಗಲಿಲ್ಲ. ಅದೇ ಹೊತ್ತನ್ನು ಕನ್ನಡದ ಟಿವಿ ವಾಹಿನಿಗಳು ಜ್ಯೋತಿಷಿಗಳಿಗೆ ಕೊಟ್ಟಿವೆ. ಅವರಿಗೆ ನೋಡುಗರ ಮನೆಯ ಸುದ್ದಿ ಗೊತ್ತಿಲ್ಲ, ರಾಶಿಯ ಹೆಸರಷ್ಟೇ ಗೊತ್ತು.

ಹಕ್ಕಿಯ ಸ್ಥಿತಿ ಕಸುಬಿನಷ್ಟು ಕೆಟ್ಟಿಲ್ಲ. ಚುಕ್ಕೆಗೂಬೆ ಅಳಿವಿನಂಚಿನ ಹಕ್ಕಿಯಲ್ಲ. ಹಳೆಯ ಮರ, ಪಾಳುಗೋಡೆ ಇರುವಲ್ಲೆಲ್ಲ, ಬೆಂಗಳೂರಿನಂಥ ನಗರದ ನಡುವೆಯೂ ಸಂಸಾರ ಹೂಡುತ್ತದೆ. ಅದಕ್ಕೆ ಅಪಾಯವಿರುವುದು ಮಾಟಮಂತ್ರದ ಹೆಸರಿನಲ್ಲಿ ಗೂಬೆ ಹಿಡಿದು ಮಾರುವವರಿಂದ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆ 2010ರಲ್ಲಿ ಭಾರತದ ಗೂಬೆ ವ್ಯಾಪಾರದ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ಚುಕ್ಕೆಗೂಬೆಯ ಹೆಸರೂ ಇದೆ. ಬುಡುಬುಡಿಕೆಯವರ ಕಸುಬಿಗೆ ಇಂಥ ಬೇಟೆಯ ಅಗತ್ಯ ಎಂದೂ ಇರಲಿಲ್ಲ. ಅವರಿಗೆ ಬೇಕಿದ್ದುದು ಮರದಲ್ಲಿ ಕೂತು ಕೂಗುವ ಹಕ್ಕಿ.

ಸಮುದಾಯದ ಇಂದಿನ ಗುರುತು ಸರ್ಕಾರಿ ಪಟ್ಟಿಗಳಲ್ಲಿದೆ. 1972ರಲ್ಲಿ ನೇಮಕವಾಗಿ 1975ರಲ್ಲಿ ವರದಿ ಕೊಟ್ಟ ಎಲ್.ಜಿ. ಹಾವನೂರ ಆಯೋಗ ಹಿಂದುಳಿದವರೊಳಗೇ ಬುಡಕಟ್ಟುಗಳನ್ನು ಬೇರೆಯಾಗಿ ಗುರುತಿಸಿತು. ನೆಲೆಯಿಲ್ಲದ ಜನರ ಕಷ್ಟ ನೆಲೆಯಿರುವ ಹಿಂದುಳಿದ ಜಾತಿಗಳ ಕಷ್ಟಕ್ಕಿಂತ ಬೇರೆ ಎಂಬುದು ಆಡಳಿತದ ಮಾತಾಗಿ ಬಂದದ್ದು ಆ ಹೊತ್ತಿನಲ್ಲಿ. ಬುಡುಬುಡಿಕೆ ಸಮುದಾಯ ಈಗ ರಾಜ್ಯದ ಹಿಂದುಳಿದ ವರ್ಗಗಳ ಪ್ರವರ್ಗ 1ರಲ್ಲಿ ಜೋಶಿ, ಗೊಂದಲಿ, ಹೆಳವರ ಜೊತೆಗಿದೆ. ಜಾತಿ ಪ್ರಮಾಣಪತ್ರಕ್ಕೆ ವಿಳಾಸ ಬೇಕು, ವಿಳಾಸಕ್ಕೆ ಮನೆ ಬೇಕು, ಮನೆಗೆ ನಿವೇಶನ ಬೇಕು ಎಂಬ ಸುತ್ತಿನಲ್ಲಿ ಹಲವು ಕುಟುಂಬಗಳು ದೀರ್ಘಕಾಲ ಸಿಕ್ಕಿಕೊಂಡಿದ್ದವು. ಕಲೆಯ ಮಟ್ಟಿಗೆ ಹಾಲಕ್ಕಿ ನುಡಿ ಜಾನಪದ ಉತ್ಸವಗಳ ವೇದಿಕೆ ಹತ್ತಿದೆ. ಸಂಜೆಯ ದೀಪಗಳ ಕೆಳಗೆ ಮೈಕಿನ ಮುಂದೆ ನಿಂತ ಕಲಾವಿದ ನೆರೆದವರೆಲ್ಲರಿಗೂ ಒಟ್ಟಾಗಿ ಶುಭ ನುಡಿಯುತ್ತಾನೆ, ಮಳೆಬೆಳೆ ಚೆನ್ನಾಗಿ ಆಗಲೆಂದು ಹರಸುತ್ತಾನೆ, ಮಕ್ಕಳನ್ನು ಶಾಲೆಗೆ ಕಳಿಸಿ ಎನ್ನುವ ಸಾಲನ್ನೂ ಸೇರಿಸುತ್ತಾನೆ. ಯಾರ ಮನೆಯ ಜಗಳವೂ ಅದರಲ್ಲಿ ಬರುವುದಿಲ್ಲ. ಹಳ್ಳಿಗಳ ಸುತ್ತು ಇನ್ನೂ ಬಿಡದವರು ಹೆಚ್ಚಾಗಿ ಹಗಲಿನಲ್ಲೇ ಬರುತ್ತಾರೆ. ನುಡಿ ಹೇಳುವುದೂ ಬಟ್ಟೆ ಪಡೆಯುವುದೂ ಒಂದೇ ಭೇಟಿಯಲ್ಲಿ ಮುಗಿಯುತ್ತದೆ.